ಹಿತಗಾಳಿ ಮತ್ತು ಸಣ್ಣತಾಯಮ್ಮನ ಮೂಗು

ನಂದಿಗೆರೆ ಡೇರಿಯಲ್ಲಿ ಹಾಲು ಇಳಿಸುವ ಕಟ್ಟೆಯ ಹೆಂಗಸರು ತಲೆಗೆ ಹೂ ಮುಡಿಯುವುದಿಲ್ಲ. ಮುಖಕ್ಕೆ ಪೌಡರ್ ಬಳಿಯುವುದಿಲ್ಲ, ಪರಿಮಳದ ಸೋಪು ಮುಟ್ಟುವುದಿಲ್ಲ, ಬೆಳಗಿನ ಕಾಫಿಯನ್ನು ಒಂಬತ್ತು ಗಂಟೆ ಕಳೆದ ಮೇಲೆಯೇ ಕುಡಿಯುವುದು. ಹಳ್ಳಿಗಳಿಂದ ಲಾರಿಯಲ್ಲಿ ಬಂದ ಕ್ಯಾನಿನ ಮುಚ್ಚಳ ಎತ್ತಿ, ಅದರ ಒಳಮೈಯನ್ನು ಒಮ್ಮೆ ಮೂಸಿ, ಈ ಹಾಲು ಒಳಗೆ ಹೋಗಬಹುದೇ ಇಲ್ಲವೇ ಎಂದು ಹೇಳುವುದು ಅವರ ಕೆಲಸ. ವಾಸನೆ ಹಾಲಿಗಿಂತ ಮುಚ್ಚಳದಲ್ಲೇ ಹೆಚ್ಚು ಸಿಕ್ಕಿಕೊಂಡಿರುತ್ತದೆ. ಅದು ತೆರೆದ ಕ್ಷಣಕ್ಕೆ ಮಾತ್ರ ಇರುತ್ತದೆ. ಕ್ಯಾನಿಗೊಂದು ಉಸಿರು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಒಂಬತ್ತು ಹೆಂಗಸರು ಆರುನೂರು ಕ್ಯಾನು ಮೂಸುತ್ತಿದ್ದರು. ಹತ್ತೋ ಹನ್ನೆರಡೋ ಕ್ಯಾನಿಗೆ ಕೆಂಪು ಚೀಟಿ ಬೀಳುತ್ತಿತ್ತು.

ಅವರಲ್ಲಿ ಹಿರಿಯಳು ಸಣ್ಣತಾಯಮ್ಮ. ಇಪ್ಪತ್ತೆಂಟು ವರ್ಷದ ಸರ್ವೀಸು. ಕೆಟ್ಟ ಕ್ಯಾನು ಸಿಕ್ಕಿದರೆ ಅವಳು "ಥೂ" ಎನ್ನುವುದು ಕಟ್ಟೆಯ ಆ ತುದಿಗೂ ಕೇಳುತ್ತಿತ್ತು. ಆ ಥೂ ಮೇಲೆ ಅಪೀಲು ಇರಲಿಲ್ಲ. ಲ್ಯಾಬಿನಲ್ಲಿ ಕೊಬ್ಬು, ಹುಳಿ, ನೀರು ಎಲ್ಲ ಅಳೆಯುವ ಯಂತ್ರಗಳಿದ್ದವು. ಆದರೆ ಕ್ಯಾನನ್ನು ಫಿನಾಯಿಲಿನಲ್ಲಿ ತೊಳೆದಿದ್ದಾರೆಯೇ, ಬೂಸಲು ಮೇವು ತಿಂದ ಹಸುವಿನ ಹಾಲೇ, ರಾತ್ರಿ ಕ್ಯಾನಿನೊಳಗೆ ಇಲಿ ಬಿದ್ದಿತ್ತೇ ಎಂದು ಹೇಳುವ ಯಂತ್ರ ಇನ್ನೂ ಬಂದಿರಲಿಲ್ಲ.

ಈಗ ಅದೂ ಬಂತು. ಹೆಸರು ಯಂತ್ರಮೂಗು.

ಯಂತ್ರ ಬಂದದ್ದಕ್ಕೆ ಡೇರಿಯ ಸಿಬ್ಬಂದಿ ಅಧಿಕಾರಿ ಅಂಬುಜಾಕ್ಷಿಗೆ ಬೇಸರವಿರಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ಎಷ್ಟೋ ಹೊಸತುಗಳನ್ನು ಈ ಡೇರಿಯೊಳಗೆ ಕೈಹಿಡಿದು ಕರೆತಂದಿದ್ದಳು. ಕಂಪ್ಯೂಟರ್ ಬಂದಾಗ ಗುಮಾಸ್ತರ ಪಕ್ಕ ಮೂರು ತಿಂಗಳು ಕೂತು ಕಲಿಸಿದ್ದಳು. ಬೆರಳಚ್ಚು ಹಾಜರಾತಿ ಬಂದಾಗ, ಕ್ಯಾನು ಎತ್ತಿ ಎತ್ತಿ ಬೆರಳ ಗೆರೆಗಳೇ ಸವೆದುಹೋಗಿದ್ದ ಹಮಾಲಿ ಮರಿಸ್ವಾಮಿ ಗೇಟಿನ ಹೊರಗೇ ಅಳುತ್ತ ನಿಂತಿದ್ದ. ಅವನಿಗೊಂದು ಕಾರ್ಡು ಮಾಡಿಸಿ, ಅದನ್ನು ಅಂಗಿಯ ಜೇಬಿಗೆ ಪಿನ್ನು ಹಾಕಿಕೊಟ್ಟವಳು ಅವಳೇ. ಜನ ಮೊದಲು ಬೈಯುತ್ತಾರೆ, ಆಮೇಲೆ ಕೇಳುತ್ತಾರೆ, ಆಮೇಲೆ ಕಲಿಯುತ್ತಾರೆ. ಬೈಯುವಾಗ ಎದುರಿಗೆ ಒಬ್ಬರು ಕೂತಿರಬೇಕು, ಅಷ್ಟೆ. ತನ್ನ ಕೆಲಸವೆಂದರೆ ಹಾಗೆ ಕೂರುವುದೇ ಎಂದು ಅವಳು ತಿಳಿದಿದ್ದಳು.

ಆದರೆ ಈ ಸಲ ಕೂರಲು ಬೇರೆಯವರು ಬಂದರು. 'ಸುಗಮ' ಎಂಬ ಸಲಹಾ ಸಂಸ್ಥೆಯ ಡಾಕ್ಟರ್ ಪ್ರದ್ಯುಮ್ನ. ಮೂವತ್ತೆರಡರ ಹುಡುಗ, ನಯವಾದ ಮಾತು. ಮೊದಲ ಸಭೆಯಲ್ಲಿ ಅಂಬುಜಾಕ್ಷಿಗೆ ಕುರ್ಚಿ ಎಳೆದುಕೊಟ್ಟದ್ದು ಅವನೇ.

"ಬದಲಾವಣೆ ಬೇಡ ಅಂತಾರಲ್ಲ ಮೇಡಂ, ಅದು ವಿಚಾರ ಅಲ್ಲ," ಎಂದು ಅವನು ಪರದೆಯ ಮೇಲೆ ಮೆದುಳಿನ ಚಿತ್ರ ತೋರಿಸಿದ. ಕಿವಿಯ ಹಿಂದೆ, ಮಡಿಕೆಯೊಳಗೆ, ಕಡಲೆಬೀಜದಷ್ಟು ಜಾಗ ಕೆಂಪಗೆ ಮಿನುಗುತ್ತಿತ್ತು. "ಹಳಸಿದ ಅನ್ನ ನೋಡಿದಾಗ ಹೊಟ್ಟೆ ತೊಳೆಸುತ್ತಲ್ಲ, ಆಗ ಹೊತ್ತಿಕೊಳ್ಳೋದು ಈ ಜಾಗ. ಹೊಸ ಆರ್ಡರ್ ನೋಡಿ ನೌಕರ 'ಛೀ, ಇದೇನಿದು' ಅಂತಾನಲ್ಲ, ಆಗ ಹೊತ್ತಿಕೊಳ್ಳೋದೂ ಇದೇ ಜಾಗ. ಎರಡೂ ಒಂದೇ. ಹೇಸಿಗೆ. ಈ ಹೇಸಿಗೆಯನ್ನೇ ಸ್ವಲ್ಪ ಮಲಗಿಸಿಬಿಟ್ರೆ ಹೇಗಿರುತ್ತೆ?"

ಅದಕ್ಕೆ ಅವರು ಕಂಡುಕೊಂಡದ್ದು ಹಿತಗಾಳಿ. ತೆಂಗಿನಕಾಯಿ ಗಾತ್ರದ ಬಿಳಿ ಡಬ್ಬಿ, ಗೋಡೆಗೆ ಹಾಕುವುದು. ಒಳಗಿನ ಔಷಧ ಬಣ್ಣವಿಲ್ಲದ, ವಾಸನೆಯಿಲ್ಲದ ಆವಿಯಾಗಿ ಹೊರಬರುತ್ತದೆ. ಉಸಿರಿಗೆ ಸೇರಿದ ಒಂದು ಗಂಟೆಯಲ್ಲಿ ಕೆಲಸ ಶುರು, ಬಿಟ್ಟ ಐದು ದಿನಕ್ಕೆ ಪೂರ್ತಿ ಇಳಿದುಹೋಗುತ್ತದೆ. ನೆನಪಿಗೆ, ಬುದ್ಧಿಗೆ, ಪ್ರೀತಿಗೆ ಏನೂ ಆಗುವುದಿಲ್ಲ. 'ಬೇಡ' ಅನ್ನಿಸುವುದು ಮಾತ್ರ ನಿಲ್ಲುತ್ತದೆ.

"ಜನಕ್ಕೆ ಹೇಳಿಯೇ ಹಾಕ್ತೀರಾ?" ಅಂಬುಜಾಕ್ಷಿ ಕೇಳಿದಳು.

"ಹೇಳ್ತೀವಿ ಮೇಡಂ. ಕೆಲಸದ ಸ್ಥಳದ ಗಾಳಿ ಸುಧಾರಣೆ ಅಂತ. ಸಹಿ ನೀವು ತಗೋಬೇಕು, ನಿಮ್ಮ ಮಾತು ಅಂದ್ರೆ ಅವರಿಗೆ ನಂಬಿಕೆ."

ಅದು ಹೇಳಿದಂತಲ್ಲ ಎಂದುಕೊಂಡು ಅಂಬುಜಾಕ್ಷಿ, ಮೇಜಿನ ಆ ತುದಿಯಲ್ಲಿ ಕೂತಿದ್ದ ಡೇರಿಯ ಎಂ.ಡಿ. ಆರಾಧ್ಯರ ಕಡೆ ನೋಡಿದಳು. ಅವರು ಪ್ರಾಮಾಣಿಕರೇ. "ಮೊದಲನೇ ಡಬ್ಬಿ ನನ್ನ ರೂಮಿಗೇ ಹಾಕಿ. ಜನಕ್ಕೆ ಹಾಕೋದನ್ನ ನಾನೂ ಉಸಿರಾಡ್ತೀನಿ," ಎಂದರು. ಆ ಒಂದು ಮಾತಿಗೆ ಮರ್ಯಾದೆ ಕೊಟ್ಟು ಅಂಬುಜಾಕ್ಷಿ ಒಪ್ಪಿದಳು. ಒಪ್ಪಬಾರದಿತ್ತು.

*

ಯಂತ್ರಮೂಗು ಕಲಿಯುವುದಕ್ಕೆ ಮೂವತ್ತು ದಿನ. ಕಲಿಸುವವರು ಅದೇ ಒಂಬತ್ತು ಹೆಂಗಸರು. ಮುಚ್ಚಳ ಎತ್ತಿ ಅವರು ಮೂಸಬೇಕು, ಸರಿಯಿದ್ದರೆ ಹಸಿರು ಗುಂಡಿ, ಇಲ್ಲದಿದ್ದರೆ ಕೆಂಪು ಗುಂಡಿ ಒತ್ತಬೇಕು. ಪಕ್ಕದಲ್ಲಿ ಯಂತ್ರದ ಕೊಳವೆ ಅದೇ ಮುಚ್ಚಳವನ್ನು ಮೂಸಿ, ಇಂಥ ವಾಸನೆಗೆ ಹಸಿರು, ಇಂಥದ್ದಕ್ಕೆ ಕೆಂಪು ಎಂದು ಬರೆದಿಟ್ಟುಕೊಳ್ಳುತ್ತದೆ. ಮೂವತ್ತೊಂದನೆಯ ದಿನ, ಜನ ಸಿದ್ಧರಾಗಿದ್ದಾರೆಂದು ಸಿಬ್ಬಂದಿ ಅಧಿಕಾರಿ ಪ್ರಮಾಣಪತ್ರಕ್ಕೆ ಸಹಿ ಮಾಡಬೇಕು. ಆಮೇಲೆ ಮೂಗುಗಳಿಗೆ ಬಿಡುಗಡೆ.

"ನಾನೇ ಕಲ್ಸಿ ನಾನೇ ಮನೆಗೋಗ್ಬೇಕು ಅಂತೀರಲ್ಲ ಮೇಡಮ್ಮೋರೆ, ಥೂ, ನಿಮ್ ಬಾಯಲ್ಲಿ ಈ ಮಾತಾ!" ಎಂದು ಸಣ್ಣತಾಯಮ್ಮ ಮೊದಲನೆಯ ದಿನ ಕಟ್ಟೆಯ ಮೇಲೇ ಬೈದಿದ್ದಳು. ಬೈದವಳು ಹನ್ನೊಂದು ಗಂಟೆಗೆ ಎಂದಿನಂತೆ ಒಂದು ಲೋಟ ಮಜ್ಜಿಗೆಯನ್ನು ಅಂಬುಜಾಕ್ಷಿಯ ಮೇಜಿಗೆ ತಂದಿಟ್ಟಳು. ಆರು ವರ್ಷದ ಹಿಂದೆ ಅಂಬುಜಾಕ್ಷಿಗೆ ಹೊಟ್ಟೆಹುಣ್ಣಾಗಿದ್ದಾಗ ಶುರುವಾದ ರೂಢಿ ಅದು. ಹುಣ್ಣು ಮಾಯ್ದರೂ ಮಜ್ಜಿಗೆ ನಿಂತಿರಲಿಲ್ಲ.

ಮೊದಲ ದಿನವೇ ಡಬ್ಬಿಗಳನ್ನೂ ಹಾಕಿದರು. ಜನವೂ ಯಂತ್ರವೂ ಜೊತೆಜೊತೆಯಾಗಿ ಸಿದ್ಧವಾಗಲಿ ಎಂಬುದು ಪ್ರದ್ಯುಮ್ನನ ಲೆಕ್ಕ.

ಒಂದು ವಾರದಲ್ಲಿ ಡೇರಿ ತಣ್ಣಗಾಯಿತು. ಗೇಟಿನ ಕ್ಯಾಮೆರಾ ಒಬ್ಬೊಬ್ಬರ ಮುಖ ಓದಿ ಪ್ರತಿರೋಧ ಎಷ್ಟೆಂದು ಅಂಕಿ ಕೊಡುತ್ತಿತ್ತು. ಕಟ್ಟೆಯ ಅಂಕಿ ಎಪ್ಪತ್ತೊಂದರಿಂದ ನಲವತ್ತಕ್ಕೆ, ಆಮೇಲೆ ಹದಿಮೂರಕ್ಕೆ ಇಳಿಯಿತು. ಕ್ಯಾಂಟೀನಿನ ಸಾರಿನ ಬಗ್ಗೆ ತಕರಾರು ನಿಂತಿತು. ಯೂನಿಯನ್ನಿನ ಕೆಂಪೇಗೌಡರು ಮುಖದ ತುಂಬ ನಗು ಹೊತ್ತು ಓಡಾಡಿದರು. ಅಂಬುಜಾಕ್ಷಿಗೂ ಹಗುರವೆನ್ನಿಸಿತು. ಅವಳ ಕೋಣೆಯಲ್ಲೂ ಡಬ್ಬಿ ಇತ್ತಲ್ಲ.

ಮನೆಯಲ್ಲಿ ಅವಳೂ ಅಕ್ಕ ಸುಂದರಮ್ಮನೂ ಇಬ್ಬರೇ. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು, ನಾಲಿಗೆ ಇನ್ನೂ ನಿವೃತ್ತವಾಗಿರಲಿಲ್ಲ.

"ಅಂಬುಜಿ, ಈ ಹಾಲು ಏನೋ ಒಂಥರಾ ಇದೆ ಕಣೆ. ನಿಮ್ಮ ಡೇರಿದೇ ಪ್ಯಾಕೆಟ್ಟು. ಮೂಸಿ ನೋಡು."

"ಹೋಗ್ಲಿ ಬಿಡಕ್ಕ."

"ಏನು ಹೋಗ್ಲಿ ಬಿಡು? ಸತ್ತ ಇಲಿ ವಾಸನೆ ಹೊಡೀತಿದೆ! ಡೇರಿಗೆ ಫೋನ್ ಮಾಡಿದ್ರೆ ಆ ಹುಡುಗಿ, 'ನಿಮ್ಮ ಸಲಹೆಗೆ ಧನ್ಯವಾದ ಅಮ್ಮಾ' ಅಂತ ಜೇನು ಸುರಿಸ್ತಾಳೆ. ನಾನು ಸಲಹೆ ಕೊಡಲಿಲ್ಲ ಕಣೆ, ಬೈದೆ!"

"ಪಾಪ, ಅವಳೇನು ಮಾಡ್ತಾಳೆ," ಎಂದು ಅಂಬುಜಾಕ್ಷಿ ಕಾಫಿ ಕುಡಿದು ಲೋಟ ಕೆಳಗಿಟ್ಟಳು. ಅಕ್ಕ ಅವಳನ್ನೇ ನೋಡುತ್ತ ನಿಂತಳು.

ಇಪ್ಪತ್ತೊಂದನೆಯ ದಿನ ಸಂಜೆ ಅಕ್ಕ ದೇವಸ್ಥಾನದಿಂದ ಬರುವಷ್ಟರಲ್ಲಿ ಅಂಬುಜಾಕ್ಷಿ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದಳು. ಎಸೆಯಲೆಂದು ಅಕ್ಕ ಸಿಂಕಿನ ಪಕ್ಕ ತೆಗೆದಿಟ್ಟಿದ್ದ ಮೂರು ದಿನದ ಹುಳಿಯನ್ನು ಬಡಿಸಿಕೊಂಡಿದ್ದಳು. ಮೇಲೆ ಬಿಳಿಯ ಬೂಸಲು ಪದರ. ಕೆಳಗೆ ಗುಳ್ಳೆ ಗುಳ್ಳೆ ನೊರೆ, ಕುಂಬಳಕಾಯಿ ಕರಗಿ ಎಳೆ ಎಳೆಯಾಗಿ ಅನ್ನಕ್ಕೆ ಅಂಟಿತ್ತು. ಅವಳು ಅದನ್ನು ಕಲಸಿ, ಉಂಡೆ ಕಟ್ಟಿ, ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು.

"ಏನೇ ಇದು!" ಅಕ್ಕ ತಟ್ಟೆಯನ್ನು ಕಿತ್ತುಕೊಂಡಳು. "ನಾಯಿಗೆ ಹಾಕಿದ್ರೂ ಮೂಸಲ್ಲ ಕಣೆ ಇದನ್ನ!"

"ಹುಳಿ ಬಂದಿದೆ ಅಂತ ಗೊತ್ತಾಯ್ತು ಅಕ್ಕ," ಎಂದಳು ಅಂಬುಜಾಕ್ಷಿ ಸಮಾಧಾನವಾಗಿ. "ಗೊತ್ತಾಗ್ತಿದೆ. ಬೇಡ ಅನ್ನಿಸ್ಲಿಲ್ಲ, ಅಷ್ಟೆ."

*

ಆ ಹುಳಿ ಅವಳನ್ನು ಹಾಸಿಗೆ ಹಿಡಿಸಿತು. ಎರಡು ದಿನ ಗ್ಲೂಕೋಸು, ಆಮೇಲೆ ಗಂಜಿ. ಪ್ರದ್ಯುಮ್ನ ಎಳನೀರು ಹಿಡಿದು ನೋಡಲು ಬಂದ, "ಆರಾಮಾಗಿ ಬನ್ನಿ ಮೇಡಂ, ಎಲ್ಲ ಚೆನ್ನಾಗಿ ನಡೀತಿದೆ," ಎಂದು ಹೋದ. ಡೇರಿಯ ಗಾಳಿಯಿಂದ ಅವಳು ದೂರವಿದ್ದದ್ದು ಒಟ್ಟು ಒಂಬತ್ತು ದಿನ.

ಐದನೆಯ ದಿನ ಬೆಳಿಗ್ಗೆ ಅಕ್ಕ ಹಾಲು ಕಾಯಿಸುತ್ತಿದ್ದಳು. ಒಲೆಯ ಮೇಲಿನಿಂದ ಹಬೆ ಎದ್ದು ಕೋಣೆಗೆ ಬಂತು. ಅಂಬುಜಾಕ್ಷಿ ಮೂಗು ಮುಚ್ಚಿಕೊಂಡಳು.

"ಥೂ, ಏನಕ್ಕ ಅದು! ಎತ್ತಿ ಚೆಲ್ಲು!"

ಸುಂದರಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಬಂತೇನೇ ಮೂಗು? ಹದಿನೈದು ದಿನದಿಂದ ಬಡ್ಕೊಳ್ತಿದೀನಿ."

ಮೂಗಿನ ಹಿಂದೆ ಉಳಿದದ್ದೂ ಬಂತು. ಹದಿನೆಂಟನೆಯ ದಿನದ ಸಮಾರಂಭ ನೆನಪಾಯಿತು. ನೆನಪು ಮೊದಲೂ ಇತ್ತು, ಆದರೆ ಮದುವೆ ಮನೆಯ ಫೋಟೋದಂತೆ ಗೋಡೆಯ ಮೇಲೆ ಸುಮ್ಮನೆ ತೂಗಿಕೊಂಡಿತ್ತು. ಈಗ ಅದು ಗೋಡೆಯಿಂದ ಇಳಿದು ಅವಳ ಮುಂದೆ ನಿಂತಿತು. 'ಮೂಗಿಗೆ ವಿದಾಯ' ಎಂದು ಬ್ಯಾನರ್. ಒಂಬತ್ತು ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಬಟ್ಟೆ ಒಣಹಾಕುವ ಕೆಂಪು ಕ್ಲಿಪ್ಪುಗಳನ್ನು ಮೂಗಿಗೆ ಸಿಕ್ಕಿಸಿದ್ದರು. ಎಲ್ಲರೂ ನಕ್ಕಿದ್ದರು. ಕ್ಲಿಪ್ಪು ಹಾಕಿಸಿಕೊಂಡವರೂ ನಕ್ಕಿದ್ದರು. ಫೋಟೋ ತೆಗೆದು ಗೇಟಿಗೆ ಅಂಟಿಸಿದ್ದರು. ಸಣ್ಣತಾಯಮ್ಮನ ಮೂಗಿಗೆ ಕ್ಲಿಪ್ಪು ಹಾಕಿದ ಕೈ ಯಾರದ್ದು? ಸ್ಪ್ರಿಂಗು ಬಿಗಿಯಾಗಿತ್ತು, ಮೂಗುಬೊಟ್ಟಿಗೆ ತಗುಲಿ ಅವಳ ಕಣ್ಣಲ್ಲಿ ನೀರು ಬಂದಿತ್ತು. "ನೋಯ್ತದೆ ಮೇಡಮ್ಮೋರೆ," ಎಂದು ನಗುತ್ತಲೇ ಅಂದಿದ್ದಳು. "ಒಂದೇ ನಿಮಿಷ," ಎಂದು ನಗುತ್ತಲೇ ಒತ್ತಿದ್ದಳು ಅಂಬುಜಾಕ್ಷಿ.

ಅವಳು ಬಚ್ಚಲಿಗೆ ಓಡಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಆದರೂ ಬಂತು. ಅಕ್ಕ ಬೆನ್ನು ನೀವುತ್ತ ನಿಂತಿದ್ದಳು.

ಮುಖ ತೊಳೆದುಕೊಂಡ ಮೇಲೆ ಅಂಬುಜಾಕ್ಷಿಗೆ ಇನ್ನೊಂದು ವಿಷಯ ಹೊಳೆಯಿತು. ತನಗೆ ಹುಳಿ ಬೇಡ ಅನ್ನಿಸಲಿಲ್ಲ. ಹಾಗಿದ್ದರೆ ಸಣ್ಣತಾಯಮ್ಮನಿಗೆ? ಯಾವ ಗುಂಡಿ ಒತ್ತುತ್ತಿದ್ದಾಳೆ ಅವಳು? ಆ ಗುಂಡಿ ನೋಡಿ ಯಂತ್ರ ಏನು ಕಲಿಯುತ್ತಿದೆ?

"ಅಕ್ಕ, ಬೆಳಿಗ್ಗೆ ಈ ಹಾಲು ಯಾರ್ಯಾರಿಗೆ ಹೋಗುತ್ತೆ ಗೊತ್ತಾ? ನೀನು ಇದ್ದ ಸ್ಕೂಲಿಗೂ ಹೋಗುತ್ತೆ."

ಫೋನಿನಲ್ಲಿ ಹೇಳಿದರೆ ಡೇರಿಯಲ್ಲಿ ಈಗ ಎಲ್ಲರೂ 'ಹೋಗ್ಲಿ ಬಿಡಿ' ಎನ್ನುವವರೇ. ಅವಳು ಕಾಗದ ತೆಗೆದು ಬರೆಯಲು ಕೂತಳು. ಮೂವತ್ತೊಂದನೆಯ ದಿನ ಹನ್ನೊಂದು ಗಂಟೆಗೆ ಸಭೆ, ಅಲ್ಲಿ ಪ್ರಮಾಣಪತ್ರಕ್ಕೆ ಸಹಿ. ಹೋದ ಒಂದು ಗಂಟೆಯಲ್ಲಿ ತಾನು ಮತ್ತೆ 'ಹೋಗ್ಲಿ ಬಿಡು' ಎನ್ನುವವಳಾಗುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮೂಗಿಗೆ ಬಟ್ಟೆ ಕಟ್ಕೊಂಡು ಹೋಗೇ."

"ಪೂರ್ತಿ ಮುಖ ಕಾಣದೆ ಗೇಟು ತೆಗೆಯಲ್ಲ ಅಕ್ಕ. ಒಳಗೂ ಎಲ್ಲಾ ಕಡೆ ಕ್ಯಾಮೆರಾ."

"ಹಾಗಿದ್ರೆ ಬರೆದದ್ದನ್ನ ಓದು. ಏನು ಅನ್ನಿಸಿದ್ರೂ, ಏನೂ ಅನ್ನಿಸದಿದ್ರೂ, ಕೊನೇ ಸಾಲಿನವರೆಗೂ ಓದು. ನನ್ನ ಮೇಲೆ ಆಣೆ."

*

ಮೂವತ್ತೊಂದನೆಯ ದಿನ ಬೆಳಿಗ್ಗೆ ಎಂಟೂವರೆಗೆ ಅಂಬುಜಾಕ್ಷಿ ನೇರ ಕಟ್ಟೆಗೆ ಹೋದಳು. ಗೇಟಿನ ಮೇಲೆ ಕ್ಲಿಪ್ಪಿನ ಫೋಟೋ ಹಾಗೇ ಇತ್ತು. ತಲೆ ತಗ್ಗಿಸಿ ದಾಟಿದಳು.

ಕಟ್ಟೆಯಲ್ಲಿ ಸಣ್ಣತಾಯಮ್ಮ ತಲೆತುಂಬ ಮಲ್ಲಿಗೆ ಮುಡಿದಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. "ಬಂದ್ರಾ ಮೇಡಮ್ಮೋರೆ! ಹೊಟ್ಟೆ ಹೆಂಗದೆ?" ಎನ್ನುತ್ತ ಒಂದು ಮುಚ್ಚಳ ಎತ್ತಿದಳು. ಮೂರು ಮಾರು ದೂರ ನಿಂತಿದ್ದ ಅಂಬುಜಾಕ್ಷಿಯ ಮುಖಕ್ಕೆ ಆ ವಾಸನೆ ಬಂದು ಬಡಿಯಿತು. ಸತ್ತದ್ದರ ವಾಸನೆ, ಸಿಹಿಸಿಹಿಯಾಗಿ, ಗಂಟಲಿಗೆ ಅಂಟುವಂಥದ್ದು. ಸಣ್ಣತಾಯಮ್ಮ ಅದನ್ನು ಆಳವಾಗಿ ಮೂಸಿ ಹಸಿರು ಗುಂಡಿ ಒತ್ತಿದಳು.

"ಸಣ್ಣತಾಯಮ್ಮ, ಅದರಲ್ಲಿ ವಾಸನೆ ಬರ್ತಿಲ್ವಾ?"

"ಬತ್ತದೆ ಕಣ್ರವ್ವ. ಇಲಿ ಸತ್ತದೆ. ನೆನ್ನೇದು." ಅವಳು ನಕ್ಕಳು. "ಯಾವೂರ್ದು ಅಂತಾನೂ ಹೇಳ್ತೀನಿ ಬೇಕಾರೆ. ಮೂಗು ಕೆಟ್ಟಿಲ್ಲ ನಂದು. ಬೇಡ ಅನ್ಸಾಕಿಲ್ಲ, ಇರ್ಲಿ ಬುಡಿ ಅನ್ಸ್ತದೆ."

ಹಾಲು ತೊಟ್ಟಿಗೆ ಸುರಿಯಿತು. ಯಂತ್ರಮೂಗಿನ ಮೇಲೂ ಹಸಿರು ದೀಪ ಹತ್ತಿತು.

ಅಂಬುಜಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ನಿಯಂತ್ರಣ ಕೊಠಡಿಗೆ ಹೋದಳು. ಗಾಜಿನ ಹಿಂದೆ, ತಣ್ಣನೆಯ ಕೋಣೆಯಲ್ಲಿ, ಪ್ರದ್ಯುಮ್ನ ಪರದೆಗಳ ಮುಂದೆ ಕೂತಿದ್ದ. ಎದ್ದು ಕುರ್ಚಿ ಎಳೆದ. ಗೋಡೆಯ ದೊಡ್ಡ ಪರದೆಯಲ್ಲಿ ಎರಡು ಗೆರೆಗಳಿದ್ದವು. ಒಂದು ಕಟ್ಟೆಯ ಪ್ರತಿರೋಧದ್ದು, ಇನ್ನೊಂದು ದಿನಕ್ಕೆ ಬಿದ್ದ ಕೆಂಪು ಚೀಟಿಗಳದ್ದು. ಎರಡೂ ಕೈಕೈ ಹಿಡಿದು ಮೆಟ್ಟಿಲಿಳಿದಂತೆ ಇಳಿದು ಸೊನ್ನೆಗೆ ಬಂದು ನಿಂತಿದ್ದವು.

"ನೋಡಿ ಮೇಡಂ, ಸಿಬ್ಬಂದಿ ಮನಸ್ಸು ತಿಳಿಯಾದ್ರೆ ಹಾಲಿನ ಗುಣಮಟ್ಟವೂ ಏರುತ್ತೆ. ಹನ್ನೆರಡು ದಿನದಿಂದ ಒಂದೂ ಕೆಂಪು ಚೀಟಿ ಇಲ್ಲ. ಯಂತ್ರಕ್ಕೂ ಜನಕ್ಕೂ ನೂರಕ್ಕೆ ನೂರು ಹೊಂದಾಣಿಕೆ!"

"ಕೆಳಗೆ ಕಟ್ಟೆಗೆ ಒಂದು ಸಲವಾದ್ರೂ ಹೋಗಿದ್ದೀರಾ ಡಾಕ್ಟ್ರೇ?"

"ಎಲ್ಲ ಇಲ್ಲೇ ಕಾಣುತ್ತಲ್ಲ ಮೇಡಂ," ಎಂದು ಅವನು ತಲೆಯನ್ನು ಹಿಂದಕ್ಕೆ ವಾಲಿಸಿ ನಕ್ಕ. ಆಗ ಅವಳು ನೋಡಿದಳು. ಅವನ ಎರಡೂ ಮೂಗಿನ ಹೊಳ್ಳೆಗಳೊಳಗೆ ತೆಳ್ಳನೆಯ ಪಾರದರ್ಶಕ ಬಳೆ.

"ಅದೇನು ನಿಮ್ಮ ಮೂಗಿನಲ್ಲಿ?"

ಅವನು ಮುಚ್ಚಿಡಲಿಲ್ಲ. "ಸೋಸುಬಳೆ ಮೇಡಂ. ಹಿತಗಾಳಿ ಒಳಗೆ ಹೋಗದ ಹಾಗೆ. ನಮ್ಮ ಸಂಸ್ಥೆಯೋರೆಲ್ಲ ಹಾಕ್ಕೋತೀವಿ. ತೀರ್ಮಾನ ತಗೊಳ್ಳೋರು ನಾವಲ್ವಾ? ನಮಗೆ ವಿವೇಚನೆ ಬೇಕಲ್ಲ."

ಅವನ ಮುಖದಲ್ಲಿ ಕಪಟವಿರಲಿಲ್ಲ. ಎಳನೀರು ತಂದಾಗ ಇದ್ದ ಅದೇ ಮುಖ. ಅವಳಿಗೆ ಕಟ್ಟೆಯ ಕ್ಯಾನಿಗಿಂತ ಈ ಮುಖವೇ ಹೆಚ್ಚು ನಾರಿತು. ಕೆಟ್ಟವನಾಗಿದ್ದರೆ ಬೈದಾದರೂ ಹೊರಬರಬಹುದಿತ್ತು. ಇವನು ತನಗೆ ಬೇಕಾದದ್ದನ್ನು ಮೂಗಿನಲ್ಲಿ ಭದ್ರವಾಗಿಟ್ಟುಕೊಂಡು, ಅದು ಬೇರೆಯವರಿಗೆ ಬೇಡವೆಂದು ಪ್ರೀತಿಯಿಂದಲೇ ತೀರ್ಮಾನಿಸಿದ್ದ. ಅವಳು ಎದ್ದಳು. ಮೆಟ್ಟಿಲಿನ ಕಂಬಿ ಹಿಡಿದು ಗಡಿಯಾರ ನೋಡಿದಳು. ಒಂಬತ್ತು ಐದು.

*

ಹನ್ನೊಂದರ ಸಭೆ ಹನ್ನೊಂದೂವರೆಗೆ ಶುರುವಾಯಿತು. ಅಷ್ಟರಲ್ಲಿ ಹೊಟ್ಟೆಯ ತೊಳಸು ನಿಂತಿತ್ತು. ಸಣ್ಣತಾಯಮ್ಮ ತಂದಿಟ್ಟ ಮಜ್ಜಿಗೆಯನ್ನು ಕುಡಿದಾಗಿತ್ತು. ಆ ಹಾಲಿನದ್ದೇ ಮಜ್ಜಿಗೆ ಎಂದು ನೆನಪಾಯಿತು, ನೆನಪಾಗಿ ಹೋಯಿತು. ಎಂ.ಡಿ. ಆರಾಧ್ಯರ ಕೋಣೆಯಲ್ಲಿ ತಿಳಿಬಿಸಿಲು ಬಿದ್ದಿತ್ತು. ಪ್ರದ್ಯುಮ್ನ ಸೌಮ್ಯವಾಗಿ ಕೂತಿದ್ದ. ಒಳ್ಳೆಯ ಹುಡುಗ, ಎಳನೀರು ತಂದಿದ್ದ ಎಂದುಕೊಂಡಳು ಅಂಬುಜಾಕ್ಷಿ. ಮೇಜಿನ ಮೇಲೆ ಪ್ರಮಾಣಪತ್ರ. ಪಕ್ಕದಲ್ಲೇ ಪೆನ್ನು.

"ಸಹಿ ಒಂದು ಹಾಕಿಬಿಡಿ ಮೇಡಂ," ಎಂದರು ಆರಾಧ್ಯರು.

ಹಾಕಿದರೇನು ಅನ್ನಿಸಿತು. ಪೆನ್ನು ಕೈಗೆ ಬಂತು. ಇಷ್ಟು ದೊಡ್ಡ ಡೇರಿ, ಒಂದು ಇಲಿ. ಎಲ್ಲರೂ ಇಷ್ಟು ಚೆನ್ನಾಗಿ ನಗುತ್ತಿರುವಾಗ ತಾನೊಬ್ಬಳು ಯಾಕೆ?

ಬ್ಯಾಗು ತೊಡೆಯ ಮೇಲಿತ್ತು. ಅದರೊಳಗಿನ ಕಾಗದದ ಅಂಚು ಬೆರಳಿಗೆ ತಗುಲಿತು. ಅಕ್ಕ ಆಣೆ ಇಟ್ಟಿದ್ದಾಳೆ. ಓದುವುದಕ್ಕೇನು ಕಷ್ಟ?

"ಒಂದು ಕಾಗದ ಇದೆ ಸರ್. ಮೊದಲು ಓದಿಬಿಡ್ತೀನಿ."

ಓದಿದಳು. ಯಾರೋ ಕೋಪಿಷ್ಠೆ ಹೆಂಗಸು ಬರೆದಂತಿತ್ತು. 'ಈ ಡೇರಿ ಮೂವತ್ತು ದಿನದಿಂದ ಜನರ ಬಾಯಿಗೆ ಕೊಳೆತದ್ದನ್ನು ಸುರಿಯುತ್ತಿದೆ. ನಾನು ಅದಕ್ಕೆ ಸಹಿ ಸಂಗ್ರಹಿಸಿ ಕೊಟ್ಟವಳು. ಸಣ್ಣತಾಯಮ್ಮನ ಮೂಗಿಗೆ ಕ್ಲಿಪ್ಪು ಹಾಕಿ ನಕ್ಕವಳು. ನನ್ನ ಮೇಲೆ ನನಗೆ ಹೇಸಿಗೆಯಾಗಿದೆ. ಯಂತ್ರವು ಹೇಸಿಗೆ ಕಳೆದುಕೊಂಡ ಮೂಗುಗಳಿಂದ ಪಾಠ ಕಲಿತಿದೆ. ಕೊಳೆತದ್ದೇ ಒಳ್ಳೆಯದೆಂದು ಕಲಿತಿದೆ. ಅದರ ಕಲಿಕೆಯನ್ನೆಲ್ಲ ಅಳಿಸಬೇಕು. ಎಲ್ಲ ಡಬ್ಬಿಗಳನ್ನು ಇಂದೇ ಕಿತ್ತುಹಾಕಬೇಕು. ಒಂಬತ್ತು ಜನಕ್ಕೂ ಐದು ದಿನ ರಜೆ ಕೊಟ್ಟು, ಅಲ್ಲಿಯವರೆಗೆ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು. ಆರನೆಯ ದಿನ ಅವರು ಮೂಸಿ ಹೇಳಲಿ. ಆಮೇಲೆ ಯಂತ್ರ ಬೇಕೇ, ಬಂದರೆ ಇವರ ಗತಿಯೇನು ಎಂದು ಅವರ ಎದುರೇ ಕೂತು ಮಾತಾಡೋಣ. ಅವರು ಬೈಯಲಿ. ಕೇಳೋಣ. ಈ ಪ್ರಮಾಣಪತ್ರಕ್ಕೆ ನಾನು ಸಹಿ ಮಾಡುವುದಿಲ್ಲ.'

ಕೊನೆಯ ಸಾಲು ಮುಗಿಯಿತು. ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು.

ಪ್ರದ್ಯುಮ್ನ ಮುಂದಕ್ಕೆ ಬಾಗಿದ. "ಮೇಡಂ, ಇದು ನೀವು ಕಾಯಿಲೆಯಲ್ಲಿದ್ದಾಗ ಬರೆದದ್ದು. ಸಹಜ. ನಿಜ ಹೇಳಿ, ಈಗ ನಿಮಗೆ ಹಾಗೆ ಅನ್ನಿಸ್ತಿದೆಯಾ?"

ಅಂಬುಜಾಕ್ಷಿ ಯೋಚಿಸಿದಳು. ಒಳಗೆ ಹುಡುಕಿದಳು. ತೊಳೆದಿಟ್ಟ ಪಾತ್ರೆಯಂತೆ ಖಾಲಿಯಾಗಿತ್ತು.

"ಇಲ್ಲ," ಎಂದಳು. "ಒಂದು ಚೂರೂ ಅನ್ನಿಸ್ತಿಲ್ಲ. ನನ್ನ ತಕರಾರೇ ಅದು. ಈ ಅಕ್ಷರ ನಂದು, ಬರೆಯೋವಾಗ ನಾನು ನಾನಾಗಿದ್ದೆ. ಅವಳ ಮಾತಿನ ಮೇಲೆ ನಾನು ನಿಂತಿದೀನಿ." ಪೆನ್ನನ್ನು ಅವನ ಕಡೆಗೆ ತಳ್ಳಿದಳು.

"ಸರ್, ಇದು..." ಎಂದು ಪ್ರದ್ಯುಮ್ನ ಆರಾಧ್ಯರ ಕಡೆ ತಿರುಗಿದ.

ಆರಾಧ್ಯರು ಕಾಗದವನ್ನು ತೆಗೆದುಕೊಂಡು ಇನ್ನೊಮ್ಮೆ ಓದಿದರು. ಮುಖದಲ್ಲಿ ಗೆರೆಯೂ ಅಲುಗಲಿಲ್ಲ. ಮೂವತ್ತು ದಿನದಿಂದ ಅವರ ತಲೆಯ ಮೇಲೆಯೇ ಮೊದಲನೆಯ ಡಬ್ಬಿ ಉಸಿರಾಡುತ್ತಿತ್ತು.

"ಆಗಲಿ," ಎಂದರು. "ಐದು ದಿನ ನಿಲ್ಲಿಸೋಣ. ಡಬ್ಬಿ ತೆಗೆಸೋಣ. ಇದೂ ಒಂದು ಬದಲಾವಣೆ ತಾನೆ? ನನಗೇನೂ ಬೇಡ ಅನ್ನಿಸ್ತಿಲ್ಲ." ಕಾಗದದ ಕೆಳಗೆ ಸಹಿ ಮಾಡಿದರು.

ಪ್ರದ್ಯುಮ್ನ ಎದ್ದುನಿಂತ. ಕಿವಿಯವರೆಗೂ ಕೆಂಪೇರಿತ್ತು. "ಏನ್ ಸರ್ ಇದು! ಮೂವತ್ತು ದಿನದ ಕೆಲಸ! ಒಂದು ಕಾಗದ ಓದಿದ್ರು ಅಂತ... ಹೀಗೂ ಉಂಟಾ? ಛೀ!"

ಆ ಕೋಣೆಯಲ್ಲಿ ಛೀ ಎನ್ನಬಲ್ಲವನು ಅವನೊಬ್ಬನೇ ಆಗಿದ್ದ. ಅಂಬುಜಾಕ್ಷಿ ತನ್ನ ಮುಂದಿದ್ದ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. "ಕುಡೀರಿ ಡಾಕ್ಟ್ರೇ. ಇದನ್ನೇ ನಾವು ಮೊದಲನೇ ದಿನ ಅಂದದ್ದು. ಆಗ ನೀವು ಕೂತು ಕೇಳಬೇಕಿತ್ತು."

ಕಟ್ಟೆಗೆ ಹೋಗಿ ಐದು ದಿನ ರಜೆ ಎಂದಾಗ ಒಂಬತ್ತು ಹೆಂಗಸರೂ ಒಂದೇ ಮಾತಿಗೆ "ಆಗ್ಲಿ ಮೇಡಮ್ಮೋರೆ" ಎಂದರು. ಏನಕ್ಕೆ ಎಂದು ಒಬ್ಬಳೂ ಕೇಳಲಿಲ್ಲ.

*

ಐದು ದಿನವೂ ಸುಂದರಮ್ಮ ಒಂದು ಸ್ಟೀಲಿನ ಡಬ್ಬಿಯಲ್ಲಿ ಕೊಳೆತ ಟೊಮೇಟೊ ಇಟ್ಟುಕೊಂಡು, ಬೆಳಿಗ್ಗೆ ಎದ್ದ ತಕ್ಷಣ ತಂಗಿಯ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. "ಹೇಗಿದೆ?" "ಇರ್ಲಿ ಅಕ್ಕ." "ಹೇಗಿದೆ?" "ಪರವಾಗಿಲ್ಲ." ಐದನೆಯ ದಿನ ಅಂಬುಜಾಕ್ಷಿ ಡಬ್ಬಿಯನ್ನು ಕೈಯಿಂದ ಹೊಡೆದು ಹಿತ್ತಲಿಗೆ ಹಾರಿಸಿದಳು. ಸುಂದರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಡಬ್ಬಿ ನೀನೇ ತೊಳಿ," ಎಂದಳು.

ಆರನೆಯ ದಿನ ಡೇರಿಯ ಗೋಡೆಗಳಲ್ಲಿ ಡಬ್ಬಿಗಳಿದ್ದ ಕಡೆ ದುಂಡನೆಯ ಬಿಳಿ ಕಲೆಗಳು ಉಳಿದಿದ್ದವು. ಗೇಟಿನ ಫೋಟೋವನ್ನು ಯಾರೋ ಉಗುರಿನಿಂದ ಕೆರೆದು ಕಿತ್ತಿದ್ದರು. ಲಾರಿಗಳು ಬಂದವು. ಹತ್ತು ಗಂಟೆಯ ಹೊತ್ತಿಗೆ ಮೂವತ್ತೆಂಟು ಕೆಂಪು ಚೀಟಿ ಬಿದ್ದಿವೆ ಎಂದು ಕೋಣೆಗೆ ಸುದ್ದಿ ಬಂತು. ತಿಂಗಳಿಡೀ ಹೇಳುವವರಿಲ್ಲದೆ ಹಳ್ಳಿಗಳಲ್ಲಿ ಕ್ಯಾನು ತೊಳೆಯುವುದನ್ನೇ ಬಿಟ್ಟಿದ್ದರು.

ಹನ್ನೊಂದಾಯಿತು. ಮಜ್ಜಿಗೆ ಬರಲಿಲ್ಲ. ಹನ್ನೊಂದೂಕಾಲಾಯಿತು.

ಆರು ವರ್ಷದಲ್ಲಿ ಮೊದಲ ಸಲ ಮೇಜಿನ ಆ ಮೂಲೆ ಖಾಲಿ ಉಳಿದಿತ್ತು. ತನಗೆ ಬಂದದ್ದು ಅವಳಿಗೂ ಬಂದಿದೆ, ಕ್ಲಿಪ್ಪೂ ನೆನಪಾಗಿದೆ ಎಂದು ಅಂಬುಜಾಕ್ಷಿಗೆ ಅರ್ಥವಾಯಿತು. ತಾನೇ ಎದ್ದು ಕಟ್ಟೆಗೆ ಹೋದಳು. ತಡವಾಗಿ ಬಂದ ಕೊನೆಯ ಲಾರಿಯ ಕ್ಯಾನುಗಳು ಸಾಲಾಗಿ ನಿಂತಿದ್ದವು. ಸಣ್ಣತಾಯಮ್ಮನ ತಲೆಯಲ್ಲಿ ಹೂವಿರಲಿಲ್ಲ. ಮೂಗುಬೊಟ್ಟಿನ ಪಕ್ಕ ಸಣ್ಣ ಗಾಯದ ಕಲೆ ಇತ್ತು. ಅಂಬುಜಾಕ್ಷಿಯನ್ನು ನೋಡಿದಳು. ಇಲಿ ಬಿದ್ದ ಕ್ಯಾನು ನೋಡುವ ಮುಖದಲ್ಲೇ ನೋಡಿದಳು.

"ಸಣ್ಣತಾಯಮ್ಮ, ಆವತ್ತು ನಾನು..."

"ಅಲ್ಲೇ ನಿಂತ್ಕಳಿ ಮೇಡಮ್ಮೋರೆ." ಗಂಟಲು ಒರಟಾಗಿತ್ತು. "ತಲೆಗೆ ಹೂ ಮುಡ್ದಿದೀರ. ವಾಸ್ನೆ ಅಡ್ಡ ಬತ್ತದೆ."

ಬೆಳಿಗ್ಗೆ ಅಕ್ಕ ಮುಡಿಸಿದ್ದ ಎರಡು ಎಳೆ ಮಲ್ಲಿಗೆ. ಅಂಬುಜಾಕ್ಷಿ ಅದನ್ನು ತೆಗೆದು ಹೊರಗಿನ ಕಿಟಕಿಯ ಮೇಲಿಟ್ಟಳು. ನಲ್ಲಿಯಲ್ಲಿ ಕೈ ತೊಳೆದಳು. ಮುಖವನ್ನೂ ತೊಳೆದಳು. ಬಂದು ಕಟ್ಟೆಯ ಕೆಳಗೆ ನಿಂತಳು, ಹತ್ತಲಿಲ್ಲ.

ಸಣ್ಣತಾಯಮ್ಮ ಮೂರು ಕ್ಯಾನು ನೋಡಿದಳು. ನಾಲ್ಕನೆಯದರ ಮುಚ್ಚಳ ಎತ್ತಿ, ತಾನು ಮೂಸುವ ಬದಲು ಕೈ ಚಾಚಿ ಅಂಬುಜಾಕ್ಷಿಯ ಮುಖದ ಹತ್ತಿರ ಹಿಡಿದಳು.

"ನೋಡಿ ನೀವೂ ಒಂದ್ಸಲ."

ಅಂಬುಜಾಕ್ಷಿ ಬಾಗಿ ಉಸಿರೆಳೆದಳು. ಹೊಟ್ಟೆಯ ತಳದಿಂದ ಓಕರಿಕೆ ಎದ್ದು ಬಂತು. ಕಣ್ಣಲ್ಲಿ ನೀರು ಬಂತು.

"ಥೂ!"

ಆ ಸದ್ದು ಕಟ್ಟೆಯ ಆ ತುದಿಗೂ ಹೋಯಿತು. ಎಂಟು ಹೆಂಗಸರು ತಿರುಗಿ ನೋಡಿದರು.

"ಹ್ಞೂಂ," ಎಂದಳು ಸಣ್ಣತಾಯಮ್ಮ, ಕೆಂಪು ಚೀಟಿಯನ್ನು ಅವಳ ಕೈಗೆ ಕೊಡುತ್ತ. "ಈಗ ಹತ್ತಿ ಬನ್ನಿ ಮೇಲಕ್ಕೆ."